ಎರಡು ಕೀಲಿಕೈ, ಒಂದೇ ಮೊಳೆ

ಸಿದ್ದಾಪುರ ತಾಲೂಕಿನ ಆ ಕಣಿವೆಯ ಮನೆಗೆ ತಂತಿಯ ಇಂಟರ್ನೆಟ್ ಬಂದಿದೆ. ಮೊಬೈಲ್ ಸಿಗ್ನಲ್ ಮಾತ್ರ ಬಂದಿಲ್ಲ. ಶಿರಸಿಯ ಕಾಲೇಜಿನಲ್ಲಿ ಓದುವ ಮಗಳು ರಜೆಗೆ ಬಂದಾಗ ಇ-ಮೇಲ್ ತೆರೆಯಬೇಕೆಂದರೆ ಒಟಿಪಿಗಾಗಿ ಗುಡ್ಡ ಹತ್ತಬೇಕು. 2020ರಲ್ಲಿ ಆನ್‌ಲೈನ್ ಪಾಠಕ್ಕೆಂದು ಈ ಸೀಮೆಯ ಮಕ್ಕಳು ಹತ್ತಿದ್ದೂ ಇಂಥವೇ ಗುಡ್ಡಗಳನ್ನು.

ಯಲ್ಲಾಪುರದ ಸೋದರಮಾವ ಉಪಾಯ ಹೇಳಿದರು: ಅಥೆಂಟಿಕೇಟರ್ ಆ್ಯಪ್. ಮೊದಲ ದಿನ ಫೋನೂ ದೂರದ ಕಂಪ್ಯೂಟರೂ ಒಂದು ಗುಟ್ಟನ್ನು ಹಂಚಿಕೊಳ್ಳುತ್ತವೆ. ಆಮೇಲೆ ಆ ಗುಟ್ಟಿಗೆ ಗಡಿಯಾರದ ವೇಳೆಯನ್ನು ಸೇರಿಸಿ ಎರಡೂ ಒಂದೇ ಲೆಕ್ಕ ಮಾಡುತ್ತವೆ. 30 ಸೆಕೆಂಡಿಗೊಮ್ಮೆ 6 ಅಂಕಿಯ ಹೊಸ ಸಂಖ್ಯೆ! ಅದಕ್ಕೆ ಸಿಗ್ನಲ್ ಬೇಡ, ಗಡಿಯಾರ ಸರಿಯಿದ್ದರೆ ಸಾಕು.

ಪಾಸ್‌ವರ್ಡುಗಳನ್ನು ಕಾಯಲು ಮಗಳ ಬಳಿ ಪಾಸ್‌ವರ್ಡ್ ಮ್ಯಾನೇಜರ್ ಮೊದಲೇ ಇತ್ತು. "ಅಪ್ಪಯ್ಯ, ಈ 6 ಅಂಕಿಯನ್ನೂ ಅದೇ ಕೊಡುತ್ತದೆ. ಮತ್ತೊಂದು ಆ್ಯಪ್ ಯಾಕೆ?" ಎಂದಳು.

"ಆಯಿಯ ಬಂಗಾರವಿರುವ ಬ್ಯಾಂಕ್ ಲಾಕರಿಗೆ ಎರಡು ಕೀಲಿಕೈ. ಒಂದು ನಮ್ಮದು, ಒಂದು ಬ್ಯಾಂಕಿನದು. ಎರಡನ್ನೂ ಒಂದೇ ಮೊಳೆಗೆ ತೂಗಿಹಾಕಿದರೆ ಎರಡು ಯಾಕೆ ಬೇಕು ತಂಗಿ?"

ಮಾತು ಸುಳ್ಳಲ್ಲ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಪಾಸ್‌ವರ್ಡ್ ಮ್ಯಾನೇಜರಿನಿಂದ ಬಳಕೆದಾರರ ಬೀಗ ಹಾಕಿದ ಪೆಟ್ಟಿಗೆಗಳ ನಕಲನ್ನೇ ಕಳ್ಳರು ಒಯ್ದಿದ್ದರು. ಆ ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡ್ ಸುಲಭದ್ದಾಗಿದ್ದು, ಎರಡನೆಯ ಕೀಲಿಕೈಯೂ ಅದರೊಳಗೇ ಇದ್ದರೆ ಗತಿಯೇನು? ಹಾಗೆಂದು ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಡುವುದಕ್ಕಿಂತ ಎರಡನ್ನೂ ಮ್ಯಾನೇಜರಿನಲ್ಲೇ ಇಡುವುದು ಎಷ್ಟೋ ಮೇಲು. ಆದರೆ ಉಳಿದ ಖಾತೆಗಳಿಗೆಲ್ಲ ಬುಡವಾದ ಇ-ಮೇಲ್ ಮತ್ತು ಹಣದ ಖಾತೆಗಳಿಗಾದರೂ ಸಂಖ್ಯೆ ಬೇರೆ ಇರಲಿ. ಮಗಳು ಹಾಗೆಯೇ ಮಾಡಿದಳು. ಆಗ ಬಂದ 10 ಬದಲಿ ಸಂಕೇತಗಳನ್ನು ಅಪ್ಪಯ್ಯ ಅಡಕೆ ಲೆಕ್ಕದ ಪುಸ್ತಕದಲ್ಲಿ ಬರೆಸಿದರು. ಮಗಳು ನಕ್ಕಳು.

ಆಷಾಢದ ಮಳೆಯಲ್ಲಿ ಸಂಕ ದಾಟುವಾಗ ಅವಳ ಫೋನು ಹಳ್ಳಕ್ಕೆ ಬಿತ್ತು. ಮರುದಿನವೇ ವಿದ್ಯಾರ್ಥಿವೇತನದ ಅರ್ಜಿಗೆ ಕೊನೆಯ ದಿನ, ದಾಖಲೆಗಳೆಲ್ಲ ಮೇಲ್‌ನಲ್ಲಿ. ಲ್ಯಾಪ್‌ಟಾಪಿನ ಮ್ಯಾನೇಜರಿನಲ್ಲಿ ಪಾಸ್‌ವರ್ಡ್ ಸಿಕ್ಕಿತು. 6 ಅಂಕಿ ಮಾತ್ರ ಹಳ್ಳದ ಪಾಲಾಗಿತ್ತು. ಬೇರೆ ಇಟ್ಟಿದ್ದೇ ತಪ್ಪಾಯಿತೇ ಎಂದು ಅವಳ ಕಣ್ಣಲ್ಲಿ ನೀರು.

ಅಪ್ಪಯ್ಯ ಮಾತಾಡದೆ ಲೆಕ್ಕದ ಪುಸ್ತಕ ತಂದರು. ಮೊದಲ ಸಂಕೇತಕ್ಕೇ ಮೇಲ್ ತೆರೆಯಿತು, ಅರ್ಜಿ ಹೋಯಿತು. ಒಂದು ಸಂಕೇತ ನಡೆಯುವುದು ಒಂದೇ ಸಲ. ಅಪ್ಪಯ್ಯ ಅದರ ಮೇಲೆ ಗೀಟು ಹಾಕಿ, "ಇನ್ನು 9 ಇವೆ" ಎಂದು ಪುಸ್ತಕ ಮುಚ್ಚಿದರು.