ಕದರಮಂಡಲಗಿಯ ನೆರೆಯೂರಿಗೆ ಬಂದ ಯುದ್ಧ

ಬ್ಯಾಡಗಿ ತಾಲೂಕಿನ ಕದರಮಂಡಲಗಿ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಅಲ್ಲಿನ ಕಾಂತೇಶ ಆಂಜನೇಯನ ದೇವಸ್ಥಾನ. ಶಿಕಾರಿಪುರದ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶರ ಜೊತೆಗೆ ಅದರ ಹೆಸರು ಹೇಳುವುದು ಈ ಭಾಗದ ರೂಢಿ. ಸುತ್ತಲಿನ ಊರುಗಳಿಗೆ ಬ್ಯಾಡಗಿಯೇ ದೊಡ್ಡ ಪೇಟೆ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಇಲ್ಲಿನ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಕಾಯಿಯ ತೊಟ್ಟು ಬಿಡಿಸುವ ಕೂಲಿಯಿಂದಲೇ ಎಷ್ಟೋ ತಾಯಂದಿರ ಮನೆಯ ಒಲೆ ಉರಿಯುತ್ತದೆ.

ಇಂಥ ನಾಡಿಗೂ ಯುರೋಪಿನ ಯುದ್ಧಕ್ಕೂ ಏನು ಸಂಬಂಧ? ಪಕ್ಕದ ರಾಣೆಬೆನ್ನೂರು ತಾಲೂಕಿನ ಚಳಗೇರಿಗೆ ಹೋದರೆ ಉತ್ತರ ಸಿಗುತ್ತದೆ. ಆ ಊರಿನ ನವೀನ್ ಗ್ಯಾನಗೌಡರ ಉಕ್ರೇನಿನ ಖಾರ್ಕಿವ್‌ನಲ್ಲಿ ವೈದ್ಯಕೀಯ ಓದುತ್ತಿದ್ದ. 2022ರ ಮಾರ್ಚ್ 1ರಂದು ಆಹಾರ ತರಲು ಹೊರಗೆ ಹೋದವನು ಶೆಲ್ ದಾಳಿಗೆ ಬಲಿಯಾದ. ಮಾರ್ಚ್ 21ರಂದು ಶವ ಊರಿಗೆ ಬಂತು. ಹೆತ್ತವರು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿದರು.

ಅವನು ಸತ್ತ ಮರುದಿನ, ರಷ್ಯಾ ಸೇನೆ ಹಿಂದೆ ಸರಿಯಬೇಕೆಂಬ ನಿರ್ಣಯ ವಿಶ್ವಸಂಸ್ಥೆಯ ಮಹಾಸಭೆಗೆ ಬಂತು. 141 ದೇಶಗಳು ಪರ, 5 ವಿರೋಧ. ಮತ ಹಾಕದೆ ತಟಸ್ಥವಾಗಿ ಉಳಿದ 35 ದೇಶಗಳಲ್ಲಿ ಭಾರತವೂ ಒಂದು. ಆದರೆ ವ್ಯಾಪಾರ ನಿಲ್ಲಲಿಲ್ಲ, ಬೆಳೆಯಿತು. ಯುದ್ಧಕ್ಕೆ ಮುಂಚೆ ನಮ್ಮ ಕಚ್ಚಾ ತೈಲದ ಆಮದಿನಲ್ಲಿ ರಷ್ಯಾದ ಪಾಲು ಶೇಕಡಾ 2ರಷ್ಟೂ ಇರಲಿಲ್ಲ. 2023ರ ಹೊತ್ತಿಗೆ ಮೂರನೇ ಒಂದು ಪಾಲು ದಾಟಿತು. ರೂಪಾಯಿಯಲ್ಲೇ ವಿದೇಶಿ ವ್ಯಾಪಾರದ ಲೆಕ್ಕ ತೀರಿಸಲು ರಿಸರ್ವ್ ಬ್ಯಾಂಕು 2022ರ ಜುಲೈಯಲ್ಲಿ ದಾರಿ ಮಾಡಿಕೊಟ್ಟಿತು. ಭಾರತದ ಬ್ಯಾಂಕುಗಳಲ್ಲಿ ಕೋಟ್ಯಂತರ ರೂಪಾಯಿ ಖರ್ಚಾಗದೆ ಉಳಿದಿದೆ ಎಂದು ರಷ್ಯಾದ ವಿದೇಶಾಂಗ ಸಚಿವರೇ 2023ರ ಮೇ ತಿಂಗಳಲ್ಲಿ ಗೋವಾದಲ್ಲಿ ಹೇಳಿದರು.

ಇದು ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ತಟಸ್ಥ ಸ್ವಿಟ್ಜರ್ಲೆಂಡಿನ ರಾಷ್ಟ್ರೀಯ ಬ್ಯಾಂಕು ಜರ್ಮನಿಯ ಚಿನ್ನ ಕೊಂಡು ಫ್ರಾಂಕ್ ಕೊಟ್ಟಿತು. ಬೆಲ್ಜಿಯಂನಿಂದ ದೋಚಿದ ಚಿನ್ನವೂ ಅದರಲ್ಲಿತ್ತು. ಆ ಫ್ರಾಂಕ್‌ಗಳಿಂದ ಹಿಟ್ಲರನ ಜರ್ಮನಿ ಹೊರದೇಶಗಳಲ್ಲಿ ಯುದ್ಧಕ್ಕೆ ಬೇಕಾದ ಸರಕು ಕೊಂಡಿತು. ಪೋರ್ಚುಗಲ್ ಟಂಗ್‌ಸ್ಟನ್ ಅದಿರು ಮಾರಿತು, ಸ್ವೀಡನ್ ಕಬ್ಬಿಣದ ಅದಿರು ಮಾರಿತು. 1946ರಲ್ಲಿ ಸ್ವಿಟ್ಜರ್ಲೆಂಡ್ 25 ಕೋಟಿ ಫ್ರಾಂಕ್ ಕೊಟ್ಟು ಆ ಚಿನ್ನದ ಮಾತು ಮುಗಿಸಿತು. ಆದರೂ ಐವತ್ತು ವರ್ಷಗಳ ಬಳಿಕ ತನಿಖಾ ಆಯೋಗ ಕೂರಿಸಿ ಹಳೆಯ ಕಡತ ಬಿಚ್ಚಲೇಬೇಕಾಯಿತು.

ಹಾಗೆಂದು ಎಲ್ಲ ತಟಸ್ಥರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಕದ್ದ ಚಿನ್ನ ಕೊಳ್ಳುವುದು ಬೇರೆ, ಬಡವರ ದೇಶಕ್ಕೆ ಬೇಕಾದ ತೈಲ ಕೊಳ್ಳುವುದು ಬೇರೆ. ಡೀಸೆಲ್ ದುಬಾರಿಯಾದರೆ ಬ್ಯಾಡಗಿಯಿಂದ ಹೊರಡುವ ಮೆಣಸಿನಕಾಯಿ ಲಾರಿಯ ಬಾಡಿಗೆಯೂ ಏರುತ್ತದೆ. ಉಕ್ರೇನಿನ ಸೂರ್ಯಕಾಂತಿ ಎಣ್ಣೆ ಬರುವುದು ತಪ್ಪಿದಾಗ ನಮ್ಮ ಅಡುಗೆಮನೆಗಳು ಪಟ್ಟ ಪಾಡು ಮರೆಯುವಂಥದ್ದಲ್ಲ. ರಷ್ಯಾದ ತೈಲವನ್ನು ಇಲ್ಲಿ ಶುದ್ಧೀಕರಿಸಿದ ಮೇಲೆ, ರಷ್ಯಾವನ್ನು ಬೈದ ಯುರೋಪೇ ನಮ್ಮಿಂದ ಡೀಸೆಲ್ ಕೊಂಡಿತು!

ಆದರೆ ಲಾಭ ಯಾರ ಕೈ ಸೇರಿತು? ಕಡಿಮೆ ದರದ ತೈಲ ಬಂದರೂ ಬಂಕಿನ ದರ 2022ರ ಮಧ್ಯದಿಂದ 2024ರ ಮಾರ್ಚ್‌ವರೆಗೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಆಮೇಲೆ ಇಳಿದದ್ದು 2 ರೂಪಾಯಿ. ತೈಲ ಕಂಪೆನಿಗಳ ಲೆಕ್ಕ ಬೇರೆ, ತೊಟ್ಟು ಬಿಡಿಸುವವಳ ಲೆಕ್ಕ ಬೇರೆ.

ಸಹೋದರಿಯರೇ, ಮನೆಗೆ ಬರುವ ಪ್ರತಿ ರೂಪಾಯಿ ಎಲ್ಲಿಂದ ಬಂತೆಂದು ಕೇಳುವವರು ನಾವು. ದೇಶದ ದುಡ್ಡಿನ ಬಗ್ಗೆಯೂ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ. ಅಗ್ಗದ ತೈಲದಿಂದ ಉಳಿದದ್ದೆಷ್ಟೆಂದು ಲೆಕ್ಕ ಹಾಕುವವರು ಚಳಗೇರಿಯ ಆ ಮನೆಯನ್ನೂ ಲೆಕ್ಕಕ್ಕೆ ಹಿಡಿಯಲಿ.