ಬೂನ್ಸ್‌ಬರೋ ಕೋಟೆಯ ಮದ್ದು

ಕೋಟೆಯೆಂದೊಡನೆ ಕಲ್ಲುಗೋಡೆಯನ್ನೂ ಕಂದಕವನ್ನೂ ನೆನೆಯುವವರಿಗೆ ಅಮೆರಿಕದ ಕೆಂಟಕಿ ನದಿಯ ದಡದಲ್ಲಿದ್ದ ಬೂನ್ಸ್‌ಬರೋ ಕೋಟೆಯು ಕೋಟೆಯೆಂದೇ ತೋರಲಾರದು. ಮರದ ದಿಮ್ಮಿಗಳಿಂದ ಕಟ್ಟಿದ ಗುಡಿಸಲುಗಳ ಸಾಲು. ಅವುಗಳ ಹಿಂಗೋಡೆಗಳೇ ಕೋಟೆಗೋಡೆ. ನಡುವಣ ತೆರಪುಗಳಲ್ಲಿ ಒತ್ತಾಗಿ ನೆಟ್ಟ ಮರದ ಕಂಬಗಳು. ಮೂಲೆಗಳಲ್ಲಿ ಕೊಂಚ ಎತ್ತರವಾದ ಕಾವಲುಮನೆಗಳು. ಆದರೂ ಆ ಸೀಮೆಯ ವಲಸೆಗಾರರ ಚರಿತ್ರೆಯಲ್ಲಿ ಇದಕ್ಕೆ ಸಂದಿರುವ ಗೌರವವು ಅಲ್ಪವಲ್ಲ.

ಕೋಟೆಗೆ ಮೊದಲು ಒಂದು ಕ್ರಯವು ನಡೆಯಿತು. ೧೭೭೫ರ ಮಾರ್ಚ್ ತಿಂಗಳಲ್ಲಿ ರಿಚರ್ಡ್ ಹೆಂಡರ್ಸನ್ ಎಂಬ ಮಾಜಿ ನ್ಯಾಯಾಧೀಶನು ತನ್ನ ಟ್ರಾನ್ಸಿಲ್ವೇನಿಯಾ ಕಂಪೆನಿಗಾಗಿ ಚೆರೋಕೀ ಮುಖಂಡರಿಂದ ಸುಮಾರು ಎರಡು ಕೋಟಿ ಎಕರೆ ಭೂಮಿಯನ್ನು ಬರೆಸಿಕೊಂಡನು. ಖಾಸಗಿಯವರು ಹೀಗೆ ಕೊಳ್ಳಕೂಡದೆಂದು ಬ್ರಿಟಿಷ್ ದೊರೆಯು ೧೭೬೩ರಲ್ಲಿಯೇ ಸಾರಿದ್ದನು. ಚೆರೋಕೀಗಳಲ್ಲಿ ಡ್ರ್ಯಾಗಿಂಗ್ ಕನೂ ಎಂಬ ನಾಯಕನು ವಿರೋಧಿಸಿದನು. ಅದೇ ಕಾಡಿನಲ್ಲಿ ಬೇಟೆಯಾಡುತ್ತಿದ್ದ ಶಾನೀ ಜನರನ್ನಂತೂ ಯಾರೂ ಕೇಳಲಿಲ್ಲ. ಡೇನಿಯಲ್ ಬೂನನು ಸುಮಾರು ಮೂವತ್ತು ಮಂದಿಯೊಡನೆ ಕಾಡು ಕಡಿದು ದಾರಿ ಮಾಡುತ್ತ ಬಂದು, ಏಪ್ರಿಲಿನಲ್ಲಿ ನದೀತೀರದಲ್ಲಿ ನೆಲೆಯೂರಿದನು. ೧೭೭೮ರಲ್ಲಿ ವರ್ಜೀನಿಯಾ ಸರಕಾರವು ಈ ಕ್ರಯವನ್ನು ರದ್ದುಮಾಡಿತು. ಕಂಪೆನಿಗೆ ಬೇರೆಡೆ ಎರಡು ಲಕ್ಷ ಎಕರೆ ಕೊಟ್ಟು ಸಮಾಧಾನಪಡಿಸಿತು. ಕ್ರಯವು ಹೋಯಿತು, ಆದರೆ ನೆಲವು ಚೆರೋಕೀಗಳಿಗೆ ಮರಳಲಿಲ್ಲ.

ಅದೇ ವರ್ಷ ಸೆಪ್ಟೆಂಬರಿನಲ್ಲಿ ಬ್ಲ್ಯಾಕ್‌ಫಿಶ್ ಎಂಬ ಶಾನೀ ಮುಖಂಡನು ಸುಮಾರು ನಾಲ್ಕುನೂರು ಜನರೊಡನೆ ಕೋಟೆಯನ್ನು ಮುತ್ತಿದನು. ನದಿಯ ದಡದಿಂದ ತೋಡುತ್ತಿದ್ದ ಸುರಂಗವು ಮಳೆಗೆ ಕುಸಿಯಿತು, ಮುತ್ತಿಗೆ ತೆಗೆಯಿತು. ಶಾನೀಗಳ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದಿದ್ದ ಬೂನನ ಮೇಲೆಯೇ ಆಮೇಲೆ ದ್ರೋಹದ ವಿಚಾರಣೆ ನಡೆದು, ಅವನು ನಿರ್ದೋಷಿಯೆಂದು ತೀರ್ಮಾನವಾಯಿತು. ಕಥೆಗಾರರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುವರು. ಒಳಗೆ ಮಡಿದ ಇಬ್ಬರಲ್ಲಿ ಒಬ್ಬನು ಲಂಡನ್ ಎಂಬ ಗುಲಾಮನೆಂಬುದನ್ನೂ, ಹೊರಗೆ ಗುಂಡಿಗೆ ಬಲಿಯಾದ ಶಾನೀಗಳ ದುಭಾಷಿ ಪಾಂಪೀಯೂ ಆಫ್ರಿಕದ ಮೂಲದವನೆಂಬುದನ್ನೂ ಹೇಳುವವರು ವಿರಳ.

ಗೋಡೆ ಎಂಥದಾದರೇನು, ಮದ್ದಿಲ್ಲದೆ ಕೋಟೆಯು ನಿಲ್ಲದು. ಗವಿಯ ಮಣ್ಣಿನಿಂದ ಪೆಟ್ಲುಪ್ಪನ್ನು ತೆಗೆದು, ಇದ್ದಲನ್ನೂ ಗಂಧಕವನ್ನೂ ಬೆರಸಿ ಬೂನ್ಸ್‌ಬರೋವಿಗೆ ಕೋವಿಮದ್ದನ್ನು ಮಾಡಿಕೊಟ್ಟವನು ಮಾಂಕ್ ಎಸ್ಟಿಲ್. ಇವನು ಕ್ಯಾಪ್ಟನ್ ಜೇಮ್ಸ್ ಎಸ್ಟಿಲ್ಲನ ಗುಲಾಮ. ೧೭೮೨ರ ಮಾರ್ಚಿನಲ್ಲಿ ಒಡೆಯನೂ ಗಂಡಾಳುಗಳೂ ಹೊರಗೆ ಹೋಗಿದ್ದಾಗ, ವೈಯಾಂಡಾಟ್ ಯೋಧರು ಎಸ್ಟಿಲ್ಲನ ಠಾಣ್ಯದ ಬಳಿ ಮಾಂಕನನ್ನು ಸೆರೆಹಿಡಿದರು. ಒಳಗೆ ಉಳಿದಿದ್ದವರು ಹೆಂಗಸರು, ಮಕ್ಕಳು, ಕೆಲವರು ರೋಗಿಗಳು. ಮಾಂಕನು ಧೃತಿಗೆಡದೆ, ಒಳಗೆ ಬಲವಾದ ಪಡೆಯಿದೆಯೆಂದು ನಂಬಿಸಿದನು, ವೈರಿಗಳು ಹಿಂದೆಗೆದರು. ಬೆನ್ನಟ್ಟಿದ ಕ್ಯಾಪ್ಟನನು ಕದನದಲ್ಲಿ ಮಡಿದನು. ಮಾಂಕನು ತಪ್ಪಿಸಿಕೊಂಡು, ಗಾಯಗೊಂಡ ಒಬ್ಬನನ್ನು ಸುಮಾರು ಇಪ್ಪತ್ತೈದು ಮೈಲಿ ಹೊತ್ತು ತಂದನು. ಕ್ಯಾಪ್ಟನನ ಮನೆಯವರು ಅವನಿಗೆ ಬಿಡುಗಡೆ ಕೊಟ್ಟರು. ಕೆಂಟಕಿಯಲ್ಲಿ ದಾಸ್ಯದಿಂದ ಬಿಡುಗಡೆ ಹೊಂದಿದವರಲ್ಲಿ ಇವನೇ ಮೊದಲಿಗನೆಂದು ಹೇಳುವರು. ಉಳಿದ ಗುಲಾಮರು ಎಂಬತ್ತಕ್ಕೂ ಹೆಚ್ಚು ವರ್ಷ ಕಾಯಬೇಕಾಯಿತು.

೧೮೦೮ರಲ್ಲಿ ಅಲ್ಲಿ ಒಂದು ಹೊಸ ಜಿಲ್ಲೆಗೆ ಎಸ್ಟಿಲ್ ಎಂದು ಹೆಸರಿಟ್ಟರು. ಅದು ಕ್ಯಾಪ್ಟನನ ಗೌರವಾರ್ಥ. ಬೂನನಿಗೂ ನೆಲದ ಭಾಗ್ಯವಿರಲಿಲ್ಲ. ಹಕ್ಕುಪತ್ರಗಳ ವ್ಯಾಜ್ಯಗಳಲ್ಲಿ ಭೂಮಿಯನ್ನು ಕಳೆದುಕೊಂಡು, ೧೭೯೯ರಲ್ಲಿ ಮಿಸೌರಿಗೆ ಹೊರಟುಹೋದನು. ಕೋಟೆಯ ಸುತ್ತ ಬೆಳೆಯಬೇಕಿದ್ದ ಪಟ್ಟಣವು ಬೆಳೆಯದೆ ಕ್ರಮೇಣ ಬಯಲಾಯಿತು. ಈಗ ಯಾತ್ರಿಕರು ನೋಡುವ ಕೋಟೆಯು ೧೯೭೪ರಲ್ಲಿ ಮರಳಿ ಕಟ್ಟಿದ ಪ್ರತಿಕೃತಿ. ಮೊದಲಿನದು ನಿಂತಿದ್ದ ನೆಲವು ಕೆಳಗೆ, ನದಿಯ ಪಕ್ಕದಲ್ಲಿದೆ.