ಕಾಣದ ಗಾಯಕ್ಕೆ ಕಿವಿಯಾಗೋಣ

ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಹೊಡೆತದ ಗುರುತು ಕಂಡರೆ ಹಿರಿಯರು ಸೇರುತ್ತಾರೆ. ಆದರೆ ದಿನವೂ ಹೀಯಾಳಿಸಿ, ತಪ್ಪೆಲ್ಲ ನಿನ್ನದೇ ಎಂದು ನಂಬಿಸುವ ಪತಿಯಿಂದ ಕುಗ್ಗಿದವಳಿಗೆ ದೊರೆಯುವುದು ಸಬ್ರ್‌ನ ಉಪದೇಶ ಮಾತ್ರ.

ಹಝ್ರತ್ ಖೌಲಾ(ರ) ಪತಿಯ ಒಂದು ಮಾತಿನಿಂದ ನೊಂದು ಪ್ರವಾದಿವರ್ಯರಲ್ಲಿ(ಸ) ದೂರಿಕೊಂಡಾಗ ಅಲ್ಲಾಹನು ಅದನ್ನು ಆಲಿಸಿದನು. ಪವಿತ್ರ ಕುರ್‌ಆನಿನ 58ನೇ ಅಧ್ಯಾಯ ಆರಂಭವಾಗುವುದೇ ಅಲ್ಲಿಂದ. 1939ರ ಮುಸ್ಲಿಮ್ ವಿವಾಹ ವಿಚ್ಛೇದನ ಕಾಯ್ದೆಯೂ ದೇಹ ಮುಟ್ಟದ ಕ್ರೌರ್ಯವನ್ನು ಕ್ರೌರ್ಯವೆಂದೇ ಪರಿಗಣಿಸುತ್ತದೆ.

ಅದೇ ನೋವನ್ನು ದಾಟಿ ಬಂದ ಸಹೋದರಿಯರು ಜೊತೆಗೆ ಕುಳಿತು ಆಲಿಸಿದರೆ, ಇದು ತನ್ನ ಭ್ರಮೆಯಲ್ಲವೆಂಬ ಅರಿವು ನೊಂದವಳಲ್ಲಿ ಮೂಡುತ್ತದೆ. ಚೇತರಿಕೆ ಅಲ್ಲಿಂದಲೇ ತೊಡಗುತ್ತದೆ. ಅಂತಹ ಕೂಟಕ್ಕೆ ಪ್ರತಿ ಮೊಹಲ್ಲಾದಲ್ಲೂ ಒಂದು ಕೋಣೆ ನೀಡೋಣ. ಅಲ್ಲಿ ಆಡಿದ ಮಾತು ಅಮಾನತ್, ಅದು ಹೊರಬರಕೂಡದು. ಅಪಾಯವಿದ್ದರೆ 181 ಮಹಿಳಾ ಸಹಾಯವಾಣಿಯಿದೆ. ಅಲ್ಲಾಹನು ಆಲಿಸುವ ದೂರಿಗೆ ನಾವು ಕಿವುಡಾಗದಿರೋಣ.